ಬೀಜ ತರಾಕ ಹೋದವರ ದೇವರು

ಯಳವತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತವರನ್ನು ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳಿದರೆ ಸಿಗುವ ಉತ್ತರದಲ್ಲಿ ದೇವರು ಇರುವುದಿಲ್ಲ. ‘ಲಕ್ಷ್ಮೇಶ್ವರಕ್ಕ ಹೊಂಟೀನ್ರಿ, ಬೀಜ ತರಾಕ’ ಅನ್ನುತ್ತಾರೆ. ಬೀಜವಲ್ಲದಿದ್ದರೆ ಪಂಪ್‌ಸೆಟ್ಟಿನ ಮೋಟರು ಸುಟ್ಟಿರುತ್ತದೆ, ಬ್ಯಾಂಕಿನವರು ಬೆಳೆಸಾಲದ ಕಾಗದಕ್ಕೆ ಸಹಿ ಬೇಕೆಂದು ಕರೆದಿರುತ್ತಾರೆ, ಮಗಳ ಜಾತಿ ಪ್ರಮಾಣಪತ್ರ ಆಗಬೇಕಿರುತ್ತದೆ, ಇಲ್ಲವೇ ದವಡೆ ಹಲ್ಲು ರಾತ್ರಿಯೆಲ್ಲ ನಿದ್ದೆ ಕೆಡಿಸಿರುತ್ತದೆ. ಸಂಜೆ ಅದೇ ಮನುಷ್ಯ ಬಸ್ಸಿನಿಂದ ಇಳಿಯುವಾಗ ನೋಡಬೇಕು. ಹಣೆಯ ಮೇಲೆ ವಿಭೂತಿ, ಚೀಲದೊಳಗೆ ಬೀಜದ ಪಾಕೀಟುಗಳ ಮೇಲೆ ಅರ್ಧ ಹೋಳು ತೆಂಗಿನಕಾಯಿ, ಪತ್ರಿಯ ಎರಡು ಎಸಳು. ‘ಗುಡಿಗೂ ಹೋಗಿದ್ರೇನು?’ ಎಂದರೆ, ಕಳ್ಳತನ ಸಿಕ್ಕಿಬಿತ್ತೇನೋ ಎಂಬಂತೆ, ‘ಬಸ್ಸಿಗೆ ಇನ್ನೂ ಹೊತ್ತಿತ್ತು, ಹೋಗಿ ಬಂದೆ’ ಅನ್ನುತ್ತಾರೆ.

ಇದನ್ನು ಭಕ್ತಿಯ ಕೊರತೆ ಎಂದು ತಿಳಿಯಬಾರದು. ನಮ್ಮ ಕಡೆ ದೇವರಿಗಾಗಿಯೇ ಒಂದು ದಿನ ಕೆಡಿಸುವುದೆಂದರೆ ತುಸು ನಾಚಿಕೆಯ ವಿಷಯ. ಎರಿಹೊಲದ ಒಕ್ಕಲುತನ ಯಾರನ್ನೂ ಪುರುಸೊತ್ತಾಗಿ ಕೂರಗೊಡುವುದಿಲ್ಲ. ಹೆಸರು ತೆಗೆದ ಹೊಲಕ್ಕೆ ಕಡ್ಲಿ ಬೀಳಬೇಕು, ಶೇಂಗಾ ಹರಿದ ಕೈ ಉಳ್ಳಾಗಡ್ಡಿಯ ಕಡೆ ತಿರುಗಬೇಕು, ನಡುವೆ ಹತ್ತಿ ಬಿಡಿಸಲು ಆಳು ಸಿಗದೆ ಊರೆಲ್ಲ ಅಲೆಯಬೇಕು. ಶ್ರೀಶೈಲದ ಮಲ್ಲಯ್ಯನಂಥ ದೂರದ ದೇವರಾದರೆ ಬೇರೆ ಮಾತು. ಅದಕ್ಕೆ ಹರಕೆ, ಪಾದಯಾತ್ರೆ, ಬುತ್ತಿ, ಸಂಗಡಿಗರು ಎಲ್ಲ ಬೇಕು. ಹೋಗುವವನಿಗೆ ಊರೇ ರಜೆ ಕೊಡುತ್ತದೆ. ಹತ್ತಿರದ ದೇವರಿಗೆ ಅಂಥ ಮರ್ಯಾದೆಯಿಲ್ಲ. ಅವನು ಕೆಲಸದ ಊರಿನಲ್ಲಿ, ಕೆಲಸ ಮುಗಿದ ಮೇಲೆ, ಬಸ್ಸು ಬರುವ ಮೊದಲು ಸಿಗುತ್ತಾನೆ. ಲಕ್ಷ್ಮೇಶ್ವರದ ಸೋಮೇಶ್ವರ ಅಂಥ ದೇವರು. ಸಾವಿರ ವರ್ಷದಿಂದ ಅವನಿಗೆ ಇದು ರೂಢಿಯಾಗಿದೆ ಎಂದು ನನ್ನ ಗುಮಾನಿ.

ಈಗಿನ ಲಕ್ಷ್ಮೇಶ್ವರವನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಪುಲಿಗೆರೆ ಎಂದು ನಂಬಿಸುವುದು ಕಷ್ಟ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಅವುಗಳ ಮುಂದೆ ಅಡ್ಡಾದಿಡ್ಡಿ ನಿಂತ ಮೋಟರ್ ಸೈಕಲ್ಲು, ಮಿರ್ಚಿ ಕರಿಯುವ ಬಾಣಲೆಯ ಹೊಗೆ. ಆದರೆ ಇದೇ ಊರು ಒಂದು ಕಾಲಕ್ಕೆ ಪುಲಿಗೆರೆ ಮುನ್ನೂರು ಎಂಬ ನಾಡಿನ ತಲೆಯೂರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಎಲ್ಲೆ ಹಾಕುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳುಗನ್ನಡದಲ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳಿದಾಗ ನಮಗೆಲ್ಲ ಎದೆ ಉಬ್ಬಿತ್ತು. ಅದೇ ವಾರ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಸೀಟಿಗೆ ಟವೆಲ್ ಹಾಕುವ ವಿಷಯಕ್ಕೆ ಇಬ್ಬರು ಹಿರಿಯರು ಆಡಿದ ಕನ್ನಡವನ್ನು ಕೇಳಿದೆ. ಅದರಲ್ಲಿ ತಿರುಳು ಧಾರಾಳವಾಗಿತ್ತು, ಸಿಪ್ಪೆ ಒಂದಿಷ್ಟೂ ಇರಲಿಲ್ಲ.

ಒಂದೇ ದೇವರ ಊರೂ ಅಲ್ಲ ಅದು. ಶಂಖಬಸದಿಯಲ್ಲಿ ಶಂಖವನ್ನು ಲಾಂಛನವಾಗಿ ಉಳ್ಳ ನೇಮಿನಾಥ. ಇನ್ನೊಂದು ಬಸದಿಯಲ್ಲಿ ಅನಂತನಾಥ. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ. ದೂದಪೀರ ದರ್ಗಾ, ಅದರ ಉರುಸಿಗೆ ಸುತ್ತಿನ ಹಳ್ಳಿಗಳ ಎಲ್ಲ ಜಾತಿಯ ಜನ. ಅಲ್ಲಿಂದ ಮುಂದೆ ಶಿರಹಟ್ಟಿಗೆ ಹೋದರೆ ಫಕೀರೇಶ್ವರ ಮಠ. ಸ್ವಾಮಿಗಳ ಹೆಸರಿನಲ್ಲೇ ಫಕೀರ ಇರುವ ಮಠ. ನಮ್ಮ ದೊಡ್ಡಪ್ಪ ಈ ಎಲ್ಲ ಕಡೆಗೂ ನಡೆದುಕೊಳ್ಳುತ್ತಿದ್ದ. ‘ಯಾರ ಕೈಯಾಗ ಮಳಿ ಐತೋ ಯಾರಿಗ್ಗೊತ್ತು’ ಎನ್ನುವುದು ಅವನ ಸಮಜಾಯಿಷಿ.

ಸೋಮೇಶ್ವರ ಗುಡಿ ಹೊರಗಿನಿಂದ ಸಣ್ಣ ಕೋಟೆಯ ಹಾಗೆ ಕಾಣುತ್ತದೆ. ಎತ್ತರದ ಸುತ್ತುಗೋಡೆ, ಬಾಗಿಲುಗಳು, ಒಳಗೆ ಅಂಗಳದ ಸುತ್ತ ಚಿಕ್ಕ ಚಿಕ್ಕ ಗುಡಿಗಳು, ಹಿಂದುಗಡೆ ಮೆಟ್ಟಿಲು ಇಳಿದು ಹೋಗುವ ಬಾವಿ. ಕಲ್ಯಾಣ ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ಕಟ್ಟಡ. ಇತ್ತೀಚೆಗೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಗಿ, ಪುಲಿಗೆರೆ ಉತ್ಸವ ಎಂದು ಸಂಗೀತ ನೃತ್ಯಗಳೂ ಅಂಗಳಕ್ಕೆ ಬಂದಿವೆ. ಗರ್ಭಗುಡಿಯಲ್ಲಿ ಬರೀ ಲಿಂಗವನ್ನು ನಿರೀಕ್ಷಿಸಿ ಬಗ್ಗಿ ನೋಡಿದವರು ತಡವರಿಸುತ್ತಾರೆ. ಅಲ್ಲಿರುವುದು ನಂದಿಯ ಮೇಲೆ ಕೂತ ಶಿವ ಪಾರ್ವತಿ. ಗಂಡ ಹೆಂಡತಿ ಜೋಡಿಯಾಗಿ ಎತ್ತಿನ ಮೇಲೆ ಕೂತು ಎಲ್ಲಿಗೋ ಹೊರಟು ನಿಂತ ಭಂಗಿ. ಬೇರೆ ಕಡೆ ನಂದಿ ಹೊರಗೆ ಕೂತು ಒಳಗಿನ ಒಡೆಯನನ್ನು ನೋಡುತ್ತಿರುತ್ತಾನೆ. ಇಲ್ಲಿ ಅವನಿಗೆ ಒಳಗೇ ಕೆಲಸ. ಒಕ್ಕಲಿಗರ ನಾಡಿನಲ್ಲಿ ಎತ್ತಿಗೆ ಪುರುಸೊತ್ತು ಎಲ್ಲಿಯದು! ಮೇ ತಿಂಗಳ ಕೊನೆಯಲ್ಲಿ ಎಳೆಬಿಸಿಲು ಈ ಮೂರ್ತಿಯ ಮೇಲೆ ಬೀಳುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಅದೇ ಹೊತ್ತಿಗೆ ರೋಹಿಣಿ ಮಳೆ ಕೂಡುತ್ತದೆ, ಬೀಜದಂಗಡಿಯ ಮುಂದೆ ಪಾಳಿ ಹಚ್ಚಬೇಕಾಗುತ್ತದೆ. ಹಾಗಾಗಿ ಆ ಬಿಸಿಲನ್ನು ನೋಡಲು ಹೋಗಬೇಕೆಂದು ವರ್ಷವೂ ಅಂದುಕೊಂಡ ನಮ್ಮೂರ ಮಂದಿ ವರ್ಷವೂ ಬೀಜದ ಪಾಳಿಯಲ್ಲೇ ನಿಂತು ಬಿಸಿಲು ಕಾಯಿಸಿಕೊಂಡಿದ್ದಾರೆ.

ಈ ದೇವರು ಇಲ್ಲಿಗೆ ಬಂದ ಕಥೆಯನ್ನು ಹರಿಹರ ಆದಯ್ಯನ ರಗಳೆಯಲ್ಲಿ ಹೇಳಿದ್ದಾನೆ. ರಾಘವಾಂಕ ಸೋಮನಾಥ ಚರಿತೆಯಲ್ಲಿ ಮತ್ತೆ ಹೇಳಿದ್ದಾನೆ. ಸೌರಾಷ್ಟ್ರದ ಆದಯ್ಯ ಎಂಬ ವರ್ತಕ ಪುಲಿಗೆರೆಗೆ ಬಂದದ್ದು ವ್ಯಾಪಾರಕ್ಕೆ. ಯಾತ್ರೆಗಲ್ಲ. ಬಂದವನು ಜೈನ ಮನೆತನದ ಪದ್ಮಾವತಿಯನ್ನು ನೋಡಿ ಮನಸೋತು, ಮದುವೆಯಾಗಿ, ಇಲ್ಲೇ ನಿಂತ. ಮುಂದೆ ಮನೆಗೆ ಬಂದ ಶಿವಭಕ್ತರ ಊಟದ ವಿಷಯಕ್ಕೆ ಮಾವನ ಮನೆಯವರೊಂದಿಗೆ ಮಾತಿಗೆ ಮಾತು ಬೆಳೆಯಿತು. ಅಳಿಯನ ಸಿಟ್ಟು ಎಂಥದೆಂದು ಹೆಣ್ಣು ಕೊಟ್ಟವರಿಗೆ ಗೊತ್ತು. ಸೌರಾಷ್ಟ್ರಕ್ಕೆ ಹೋಗಿ ಸೋಮನಾಥನನ್ನೇ ಕರೆತಂದು ಈ ಊರ ಬಸದಿಯಲ್ಲಿ ನಿಲ್ಲಿಸುತ್ತೇನೆ ಎಂದು ಪಂಥ ಹಾಕಿ ಹೊರಟ, ತಂದೂ ತಂದ. ಜೈನರಿಗೂ ಶೈವರಿಗೂ ಆಗಿನ ಕಾಲಕ್ಕೆ ನಡೆದ ತಿಕ್ಕಾಟ ಈ ಕಥೆಯ ಹಿಂದೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನನಗೆ ಅದರಲ್ಲಿ ಹಿಡಿಸುವುದು ಬೇರೆಯೇ ಎಳೆ. ಪುಲಿಗೆರೆಯ ಸೋಮನಾಥ ಇಲ್ಲಿಗೆ ಬರಲು ಮೂಲ ಕಾರಣ ಒಬ್ಬ ವ್ಯಾಪಾರಿಯ ತಿರುಗಾಟ, ಒಂದು ಪ್ರೇಮ, ಬೀಗರ ಮನೆಯ ಊಟದ ಜಗಳ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಯಳವತ್ತಿಯವರು ಇವತ್ತು ಬೀಜವನ್ನಷ್ಟೇ ತಂದು ಸುಮ್ಮನಿರಬೇಕಾಗುತ್ತಿತ್ತು. ಆದಯ್ಯನ ವಚನಗಳ ಅಂಕಿತ ಕೊನೆಯವರೆಗೂ ಸೌರಾಷ್ಟ್ರ ಸೋಮೇಶ್ವರ ಎಂದೇ ಉಳಿಯಿತು. ವಲಸೆ ಬಂದವರು ಊರ ಹೆಸರು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಗದಗಿನವರ ಖಾನಾವಳಿಯ ಫಲಕ ನೋಡಿದರೆ ತಿಳಿಯುತ್ತದೆ.

ವ್ಯಾಪಾರದ ಮಾತು ಬಂತು, ಹೇಳಿಬಿಡುತ್ತೇನೆ. ಲಕ್ಷ್ಮೇಶ್ವರದ ಶಾಸನಗಳಲ್ಲಿ ನನಗೆ ಬಹಳ ಇಷ್ಟವಾದದ್ದು ದೇವರಿಗೆ ದಾನ ಕೊಟ್ಟ ಶಾಸನವಲ್ಲ, ಊರಿಗೆ ಕಟ್ಟಳೆ ಕೊಟ್ಟ ಶಾಸನ. 725ರ ಸುಮಾರಿನದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಇಲ್ಲಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಬರೆದುಕೊಟ್ಟದ್ದು. ಅರಸನ ಅಧಿಕಾರಿಗಳು ಊರವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಊರವರು ಅರಸನಿಗೆ ಏನು ಸಲ್ಲಿಸಬೇಕು ಎಂದು ಎರಡೂ ಕಡೆಗೆ ಹಗ್ಗ ಹಾಕುವ ಕಂಬ ಅದು. ತೆರಿಗೆ ಮನೆಯ ಯೋಗ್ಯತೆ ನೋಡಿ: ದೊಡ್ಡ ಮನೆಗೆ ಹೆಚ್ಚು, ನಡುವಿನದಕ್ಕೆ ಕಡಿಮೆ, ಬಡವರದಕ್ಕೆ ಇನ್ನೂ ಕಡಿಮೆ. ಈ ಯುವರಾಜ ಮುಂದೆ ಇಮ್ಮಡಿ ವಿಕ್ರಮಾದಿತ್ಯನಾಗಿ ಕಂಚಿಯನ್ನು ಗೆದ್ದ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಅವೆಲ್ಲ ದೊಡ್ಡ ಸಂಗತಿಗಳು, ಪಠ್ಯಪುಸ್ತಕ ಸೇರಿವೆ. ಪುರಸಭೆಯ ಕಂದಾಯದ ಪಾಳಿಯಲ್ಲಿ ನಿಂತಾಗ ಮಾತ್ರ ನನಗೆ ನೆನಪಾಗುವುದು ಕಂಚಿಯಲ್ಲ, ಈ ಕಂಬ.

ಆಳಿದವರ ವಿಷಯದಲ್ಲಿ ಲಕ್ಷ್ಮೇಶ್ವರದ ಅದೃಷ್ಟ ಯಾವತ್ತೂ ವಿಚಿತ್ರ. 1948ಕ್ಕೆ ಮೊದಲು ಅದು ದೂರದ ಮಿರಜಿನ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಸುತ್ತ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಇದೊಂದು ನಡುಗಡ್ಡೆ. ಆಮೇಲೆ ಶಿರಹಟ್ಟಿ ತಾಲ್ಲೂಕಿಗೆ ಬಿತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು, 2018ರಲ್ಲಿ ಲಕ್ಷ್ಮೇಶ್ವರವೇ ತಾಲ್ಲೂಕಾಯಿತು. ಈ ಕೊನೆಯ ಬದಲಾವಣೆಯಿಂದ ಬಹಳ ಲಾಭವಾದದ್ದು ಸೋಮೇಶ್ವರನಿಗೆ ಎನ್ನಬೇಕು. ಮೊದಲು ಉತಾರಕ್ಕೆ, ವಾಟ್ನಿ ಕಾಗದಕ್ಕೆ ಶಿರಹಟ್ಟಿಗೆ ಹೋಗುತ್ತಿದ್ದವರು ಈಗ ಇಲ್ಲಿಗೇ ಬರುತ್ತಾರೆ. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಮೂರು ಗಂಟೆಗೆ ಬನ್ನಿ ಎಂದು ಯಾವುದೋ ಕಚೇರಿಯ ಸಿಪಾಯಿ ಹೇಳಿದ ಮೇಲೆ ಮನುಷ್ಯ ಎಲ್ಲಿಗೆ ಹೋಗಬೇಕು? ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ, ಅರ್ಧ ಚಹಾ. ಅಷ್ಟಕ್ಕೆ ಹನ್ನೆರಡೂವರೆ. ಉಳಿದ ಹೊತ್ತು ಶಿವನದು.

ಸಂತೆಯ ದಿನವಂತೂ ಕೇಳುವುದೇ ಬೇಡ. ಅಪ್ಪನ ಜೊತೆ ದನದ ಸಂತೆಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಎತ್ತಿನ ದರ ಬಾಯಿಂದ ಆಡುವ ವಿಷಯವಲ್ಲ. ದಲ್ಲಾಳಿ ತನ್ನ ಹೆಗಲ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸುತ್ತಾನೆ. ಅದರಡಿ ಬೆರಳು ಬೆರಳನ್ನು ಹಿಡಿಯುತ್ತದೆ. ಒಂದು ಬೆರಳು ಒತ್ತಿದರೆ ಇಷ್ಟು, ಎರಡು ಒತ್ತಿದರೆ ಇಷ್ಟು, ಅಂಗೈ ತಟ್ಟಿದರೆ ಒಲ್ಲೆ. ಮೇಲೆ ಮಾತ್ರ ಮುಖಗಳು ಮಳೆಯ ವಿಷಯ ಮಾತಾಡುತ್ತಿರುತ್ತವೆ. ‘ಈ ಸಲ ಮಘಿ ಹೆಂಗ?’ ‘ಏನ್ ಹೆಂಗ, ಹುಬ್ಬಿ ಕೈ ಹಿಡಿಬೇಕು.’ ಟವೆಲ್ಲಿನ ಕೆಳಗೆ ಅಷ್ಟರಲ್ಲಿ ಸಾವಿರಗಳು ಏರಿ ಇಳಿದಿರುತ್ತವೆ. ಎತ್ತು ತನ್ನ ಪಾಡಿಗೆ ಮೆಲುಕು ಹಾಕುತ್ತಿರುತ್ತದೆ. ವ್ಯವಹಾರ ಕುದುರಿದ ಮೇಲೆ ಅಪ್ಪ ಆ ಖಿಲಾರಿ ಎತ್ತನ್ನು ನೇರ ಊರಿಗೆ ಹೊಡೆಯಲಿಲ್ಲ. ಗುಡಿಯ ಬಾಗಿಲ ಮುಂದೆ ನಿಲ್ಲಿಸಿ, ಹಗ್ಗ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ವಿಭೂತಿ ತಂದು ಅದರ ಹಣೆಗೆ ಹಚ್ಚಿದ. ಅಪ್ಪ ಬರುವ ತನಕ ಆ ಎತ್ತು, ಹೂವಿನವಳ ಬುಟ್ಟಿಯಲ್ಲಿದ್ದ ಸೇವಂತಿಗೆಯ ಒಂದು ಮೊಳ ತಿಂದು ಮುಗಿಸಿತ್ತು. ಎತ್ತಿನ ದರಕ್ಕೆ ಟವೆಲ್ಲಿನಡಿ ಅಷ್ಟು ಹೊತ್ತು ಹೋರಾಡಿದ ಅಪ್ಪ ಸೇವಂತಿಗೆಯ ದರಕ್ಕೆ ಒಂದು ಮಾತೂ ಆಡಲಿಲ್ಲ. ದೇವರ ಮನೆಯ ಮುಂದೆ ಚೌಕಾಶಿ ಬೇಡ ಎಂದಿರಬೇಕು, ಅಥವಾ ಹೂವಿನವಳ ಬಾಯಿಗೆ ಹೆದರಿರಬೇಕು.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ತಂಗಿಯ ಮಗ. ಇಂಜಿನಿಯರಿಂಗ್ ಓದಿ ಜಪಾನಿನ ನಾಗಾನೊ ಸೀಮೆಯ ಯಂತ್ರದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಜೋಳದ ರೊಟ್ಟಿಯ ಮನೆಯಿಂದ ಹೋದ ಹುಡುಗ, ಮೀನು ಮುಟ್ಟುವವನಲ್ಲ. ಅಲ್ಲಿ ಬಕ್‌ವೀಟ್ ಎಂಬ ಧಾನ್ಯದ ಶಾವಿಗೆ ಸಿಗುತ್ತದೆ ಎಂದು ಆಸೆಯಿಂದ ಹೋದರೆ ಅದರ ಸಾರಿನಲ್ಲೂ ಮೀನಿನ ರಸ. ಮೀನಿಲ್ಲದ ಊಟ ಎಲ್ಲಿ ಸಿಕ್ಕೀತು ಎಂದು ಕೇಳಿ ಕೇಳಿ ಕೊನೆಗೆ ಅವನು ಮುಟ್ಟಿದ್ದು ಝೆಂಕೋಜಿ ಎಂಬ ಬೌದ್ಧ ದೇವಾಲಯದ ಪೇಟೆ. ಗುಡಿಯ ಸುತ್ತ ಮೂವತ್ತಕ್ಕೂ ಹೆಚ್ಚು ಮಠದಂಥ ವಸತಿಗಳಿವೆಯಂತೆ. ಅಲ್ಲಿ ಯಾತ್ರಿಕರಿಗೆ ಮಾಂಸ, ಮೀನು ಯಾವುದೂ ಇಲ್ಲದ ಸನ್ಯಾಸಿಗಳ ಅಡುಗೆ ಬಡಿಸುತ್ತಾರೆ. ಊಟ ಮುಗಿದ ಮೇಲೆ, ಬಂದದ್ದು ಬಂದೆ, ಎಂದು ದೇವರ ದರ್ಶನಕ್ಕೂ ಹೋದ. ಸಾವಿರಾರು ಮೈಲಿ ದೂರ ಹೋದರೂ ಹುಡುಗ ಯಳವತ್ತಿಯ ಪದ್ಧತಿ ಬಿಟ್ಟಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಆ ಗುಡಿಯ ಕಥೆಗಳನ್ನು ಅವನು ಫೋನಿನಲ್ಲಿ ಹೇಳಿದ, ನಾನೂ ಒಂದಿಷ್ಟು ಓದಿಕೊಂಡೆ. ಓದಿದಷ್ಟೂ ಅದು ನಮ್ಮ ಸೋಮೇಶ್ವರನಿಗೆ ದೂರದ ಬೀಗನೇ ಎನಿಸಿತು. ಅಲ್ಲಿನ ಬುದ್ಧಮೂರ್ತಿಯೂ ಪರದೇಶಿ. ಭಾರತದಲ್ಲಿ ಹುಟ್ಟಿ, ಕೊರಿಯಾದ ಮೂಲಕ ಜಪಾನಿಗೆ ಬಂತು ಎಂದು ಐತಿಹ್ಯ. ಹೊಸ ಧರ್ಮವನ್ನು ಒಲ್ಲದವರು ಅದನ್ನು ಕಾಲುವೆಗೆ ಎಸೆದಿದ್ದರು. ಹೋಂದಾ ಯೋಶಿಮಿತ್ಸು ಎಂಬ ಸಾಮಾನ್ಯನಿಗೆ ಅದು ಸಿಕ್ಕಿತು. ಬೆನ್ನ ಮೇಲೆ ಹೊತ್ತು ತನ್ನ ಊರಿಗೆ ಹೊರಟ. ಹಗಲೆಲ್ಲ ಅವನು ಬುದ್ಧನನ್ನು ಹೊತ್ತರೆ, ರಾತ್ರಿ ಬುದ್ಧನೇ ಅವನನ್ನು ಹೊತ್ತು ನಡೆದನಂತೆ. ಇಷ್ಟು ನ್ಯಾಯವಾದ ಪಾಳಿ ನಮ್ಮ ಕಾಲುವೆಯ ನೀರಿನ ವಿಷಯದಲ್ಲೂ ನಡೆದದ್ದಿಲ್ಲ. ಆದಯ್ಯನಿಗೂ ದಾರಿಯಲ್ಲಿ ಸೋಮನಾಥ ಮುದುಕನ ರೂಪದಲ್ಲಿ ಎದುರಾದ ಎಂದು ನಮ್ಮ ಕಥೆ. ದೇವರುಗಳಿಗೂ ಒಂದೇ ಜಾಗದಲ್ಲಿ ಕೂತು ಬೇಸರವಾಗುತ್ತದೆಯೋ ಏನೋ, ಊರು ಬಿಟ್ಟು ಊರಿಗೆ ಹೋಗುವವರನ್ನು ಕಂಡರೆ ಬೆನ್ನು ಹತ್ತುತ್ತಾರೆ.

ಇನ್ನೊಂದು ಕಥೆಯಂತೂ ಲಕ್ಷ್ಮೇಶ್ವರದ ಸಂತೆಯಲ್ಲೇ ನಡೆದಂತಿದೆ. ಕೊಮೊರೊ ಎಂಬ ಊರ ಕಡೆ ಒಬ್ಬ ಮುದುಕಿ. ದೇವರು ದಿಂಡರು ಎಂದರೆ ಆಗದವಳು. ಒಂದು ದಿನ ಬಟ್ಟೆ ಒಗೆದು ಒಣಗಲು ಹಾಕಿದ್ದಳು. ಎಲ್ಲಿಂದಲೋ ಬಂದ ಎತ್ತು ಆ ಬಟ್ಟೆಯನ್ನು ಕೋಡಿಗೆ ಸಿಕ್ಕಿಸಿಕೊಂಡು ಓಡಿತು. ಮುದುಕಿ ಬಿಡುತ್ತಾಳೆಯೇ? ಬೈಯುತ್ತ ಬೆನ್ನಟ್ಟಿದಳು. ಎತ್ತು ನಿಂತದ್ದು ಝೆಂಕೋಜಿಯ ಅಂಗಳದಲ್ಲಿ. ಅಲ್ಲಿಗೆ ಬಂದ ಮೇಲೆ ಅವಳ ಮನಸ್ಸು ತಿರುಗಿ ಭಕ್ತೆಯಾದಳು. ಯಾವುದೋ ಕೆಲಸಕ್ಕೆ ಹೋಗಿ ಒಳ್ಳೆಯದಕ್ಕೆ ತಲುಪುವವರ ಬಗ್ಗೆ ಮಾತಾಡುವಾಗ ಎತ್ತಿನ ಹಿಂದೆ ಝೆಂಕೋಜಿಗೆ ಹೋದ ಹಾಗೆ ಎಂದು ಜಪಾನೀಯರು ಈಗಲೂ ಗಾದೆಯಾಗಿ ಆಡುತ್ತಾರಂತೆ. ನಮ್ಮಲ್ಲಿ ಇಂಥ ಗಾದೆ ಹುಟ್ಟಲಿಲ್ಲ. ಎಲ್ಲರೂ ಹಾಗೇ ಹೋಗುವ ಊರಿನಲ್ಲಿ ಅದಕ್ಕೊಂದು ಗಾದೆ ಯಾಕೆ ಬೇಕು?

ಆ ಗುಡಿಯ ಬಾಗಿಲ ಹತ್ತಿರ ಕಟ್ಟಿಗೆಯ ಒಬ್ಬ ಮುದುಕ ಕೂತಿದ್ದಾನೆ. ಅವನೂ ನಮ್ಮವನೇ: ಪಿಂಡೋಲ ಭಾರದ್ವಾಜ, ಬುದ್ಧನ ಶಿಷ್ಯ. ಜನರ ಮುಂದೆ ಸಿದ್ಧಿ ಪ್ರದರ್ಶಿಸಿ ಗುರುವಿನಿಂದ ಬೈಸಿಕೊಂಡವನು. ತಮ್ಮ ಮೈಯಲ್ಲಿ ಎಲ್ಲಿ ನೋವೋ ಮೂರ್ತಿಯ ಅದೇ ಜಾಗವನ್ನು ಸವರಿದರೆ ನೋವು ಹೋಗುತ್ತದೆ ಎಂದು ಜನ ಸವರಿ ಸವರಿ, ಕಣ್ಣು ಮೂಗು ಗುರುತು ಸಿಗದಷ್ಟು ನುಣುಪಾಗಿದ್ದಾನೆ. 2023ರ ಏಪ್ರಿಲ್‌ನಲ್ಲಿ ಈ ಭಾರದ್ವಾಜನನ್ನು ಯಾರೋ ಕದ್ದೊಯ್ದು, ಅದೇ ದಿನ ಪೊಲೀಸರು ಹಿಡಿದು ತಂದರು. ನಮ್ಮ ಹುಡುಗ ಅವನ ಸೊಂಟ ಸವರಿ ಬಂದನಂತೆ. ಇಪ್ಪತ್ತಾರು ವರ್ಷಕ್ಕೇ ಸೊಂಟ ನೋವು. ಕಂಪ್ಯೂಟರ್ ಮುಂದೆ ಕೂತವರ ಪಾಡು.

ಹೀಗೆ ಹೋಲಿಕೆ ಹೊಂದಿಸುತ್ತ ಹೋದವನಿಗೆ ಒಂದು ಕಡೆ ಮಾತ್ರ ಹೊಂದಲಿಲ್ಲ. ಎದೋ ಕಾಲದ, ಎಂದರೆ 1603ರಿಂದ 1868ರವರೆಗಿನ ಜಪಾನಿನಲ್ಲಿ ರೈತರು ಮನಸ್ಸಿಗೆ ಬಂದಾಗ ಊರು ಬಿಡುವಂತಿರಲಿಲ್ಲ. ದಾರಿಯಲ್ಲಿ ಕಾವಲು ಕಟ್ಟೆಗಳು, ಕೈಯಲ್ಲಿ ಪರವಾನಗಿ ಚೀಟಿ ಬೇಕು. ಯಾತ್ರೆಗೆ ಎಂದರೆ ಆ ಚೀಟಿ ಸುಲಭವಾಗಿ ಸಿಗುತ್ತಿತ್ತು. ಹಾಗಾಗಿ ಊರು ನೋಡಬೇಕು, ಬಿಸಿನೀರ ಬುಗ್ಗೆಯಲ್ಲಿ ಮೀಯಬೇಕು, ನಾಲ್ಕು ದಿನ ಯಜಮಾನನ ಕಣ್ಣು ತಪ್ಪಿಸಬೇಕು ಎನ್ನುವವರೆಲ್ಲ ಇಸೆಗೋ ಝೆಂಕೋಜಿಗೋ ಹರಕೆ ಹೊತ್ತುಕೊಂಡರು. ಅಲ್ಲಿ ದೇವರು ನೆಪ, ತಿರುಗಾಟ ನಿಜ. ನಮ್ಮಲ್ಲಿ ಬೀಜ ನೆಪ, ದೇವರು ನಿಜ. ಇಷ್ಟು ಜಾಣತನದ ಮಾತು ಹೊಳೆಯಿತಲ್ಲ ಎಂದು ನಾನು ಬೀಗುತ್ತಿರುವಾಗ ಪಕ್ಕದಲ್ಲೇ ಕೂತು ಕಡ್ಲಿ ಸುಲಿಯುತ್ತಿದ್ದ ಚಿಗವ್ವ ನಕ್ಕಳು.

‘ನಿಮ್ಮಪ್ಪಗ ಬೀಜ ನೆಪ ಆಗಿತ್ತು. ನಿಮ್ಮವ್ವಗ?’

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಪ್ಪನ ಹಾಗೆ ಅವ್ವ ಬೀಜ ತರಲು ಪೇಟೆಗೆ ಹೋಗುವಂತಿರಲಿಲ್ಲ. ಬಳೆ ತೊಡಲು ಹೋಗುತ್ತೇನೆ ಎಂದರೆ ‘ಬಳಿಗಾರ ಮನಿಗೇ ಬರ್ತಾನ’ ಎಂದು ಅತ್ತೆ ಹೇಳುತ್ತಿದ್ದರು. ತಂಗಿಯನ್ನು ನೋಡಬೇಕು ಎಂದರೆ ‘ಪಂಚಮಿಗೆ ನೋಡಿದಿಯಲ್ಲ’ ಎನ್ನುತ್ತಿದ್ದರು. ಆದರೆ ಸೋಮೇಶ್ವರಗ ಕಾಯಿ ಒಡಸಬೇಕು ಎಂದರೆ ಇಡೀ ಮನೆಯಲ್ಲಿ ಎದುರಾಡುವ ಬಾಯಿ ಇರಲಿಲ್ಲ. ಶ್ರಾವಣದ ಸೋಮವಾರ ಯಳವತ್ತಿಯಿಂದ ಅವ್ವ ಹೊರಡುತ್ತಿದ್ದಳು. ಇನ್ನೊಂದು ಹಳ್ಳಿಯಿಂದ ಚಿಗವ್ವ. ಇಬ್ಬರ ನಡುವೆ ಕಾಗದವಿಲ್ಲ, ಫೋನಿಲ್ಲ. ಯಾರೋ ಸಂತೆಗೆ ಹೋದವರ ಬಾಯಲ್ಲಿ ಒಂದು ಮಾತು ಹೋಗಿರುತ್ತಿತ್ತು, ಅಷ್ಟೇ.

ಮಂಟಪದಲ್ಲಿ ಎಡಗಡೆಯ ಒಂದು ಕಂಬ ಇವರದು. ಕಡೆದು ನುಣುಪು ಮಾಡಿದ ಆ ಚಾಲುಕ್ಯರ ಕಂಬಗಳ ಮೇಲೆ ಪಂಡಿತರು ಪುಸ್ತಕ ಬರೆದಿದ್ದಾರೆ. ಬೇಸಗೆಯಲ್ಲಿ ಬೆನ್ನಿಗೆ ತಣ್ಣಗಿರುತ್ತವೆ ಎಂಬುದು ಅವುಗಳಲ್ಲಿ ಇದೆಯೋ 
ಇಲ್ಲವೋ ತಿಳಿಯದು, ಅಕ್ಕ ತಂಗಿಗೆ ಆ ಕಂಬದ ಮುಖ್ಯ ಲಕ್ಷಣ ಅದೇ ಆಗಿತ್ತು. ಒಳಗೆ ಹೋಗಿ ಕಾಯಿ ಒಡೆಸಿ ಬರಲು ಐದು ನಿಮಿಷ. ಆಮೇಲೆ ಬುತ್ತಿಯ ಗಂಟು ಬಿಚ್ಚುತ್ತಿತ್ತು. ಅವ್ವನದು ಎಣಗಾಯಿ, ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ. ಚಿಗವ್ವನದು ಹೆಸರಕಾಳ ಪಲ್ಲೆ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಅತ್ತೆಯರ ಹೆಸರು ಬಂದಾಗ ದನಿ ಇಳಿಯುತ್ತಿತ್ತು, ಗಂಡಂದಿರ ಹೆಸರು ಬಂದಾಗ ಏರುತ್ತಿತ್ತು. ನಾನು ಆ ಕಂಬದಿಂದ ಈ ಕಂಬಕ್ಕೆ ಓಡುತ್ತ ಆಗಾಗ ಬಂದು ಒಂದು ತುತ್ತು ತಿಂದು ಹೋಗುತ್ತಿದ್ದೆ. ಅವ್ವ ಅತ್ತದ್ದನ್ನೂ, ಅತ್ತು ಮುಗಿದ ಮೇಲೆ ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕದ್ದನ್ನೂ ನೋಡಿದ್ದು ಅಲ್ಲೇ. ಮನೆಯಲ್ಲಿ ಎರಡೂ ಕಂಡಿರಲಿಲ್ಲ. ಕೊನೆಗೆ ಎರಡೂ ಕಡೆಯ ಅರ್ಧ ಅರ್ಧ ಕಾಯಿ ಅದಲು ಬದಲಾಗುತ್ತಿದ್ದವು. ಗುಡಿಯಿಂದ ಬಳೆ ಅಂಗಡಿ. ಬಳೆ ತೊಟ್ಟು ಬಸ್ಸು.

‘ದೇವರು ನೆಪನೂ ಆಗಿದ್ದ, ಖರೇನೂ ಆಗಿದ್ದ’ ಎಂದಳು ಚಿಗವ್ವ. ‘ಇಲ್ಲದಿದ್ರ ನಾವು ಭೆಟ್ಟಿ ಆಗ್ತಿದ್ದಿಲ್ಲ.’

ನನ್ನ ಜಾಣತನದ ಮಾತನ್ನು ಅಲ್ಲಿಗೇ ಬಿಟ್ಟೆ. ಬಿಡದೆ ಹಿಡಿದಿದ್ದರೆ ಮಾಗಡಿ ಕೆರೆಯ ಅತಿಥಿಗಳನ್ನೂ ಯಾವ ಪಟ್ಟಿಗೆ ಸೇರಿಸುವುದು ಎಂದು ಯೋಚಿಸಬೇಕಾಗಿತ್ತು. ಶಿರಹಟ್ಟಿ ಸೀಮೆಯ ಈ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಮಂಗೋಲಿಯಾದ ಕಡೆಯಿಂದ ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಮರ್ಯಾದೆಯೂ ಸಿಕ್ಕಿತು. ಇಷ್ಟು ದೂರದ ಯಾತ್ರೆ ಮಾಡಿ ಬಂದವು ಸೋಮೇಶ್ವರನ ಕಡೆ ಒಂದು ಸಲವೂ ಸುಳಿದದ್ದಿಲ್ಲ. ಹಗಲು ನೀರಿನಲ್ಲಿ ತೇಲುತ್ತವೆ, ಹೊತ್ತು ಮುಳುಗಿದ ಮೇಲೆ ಕಡ್ಲಿ ಹೊಲಕ್ಕೆ ಇಳಿಯುತ್ತವೆ. ಬಂದದ್ದು ಮೇಯಲಿಕ್ಕೆ, ಮೇದು ಹೋಗುತ್ತವೆ. ನೆಪ ಹೇಳುವ ಗೊಡವೆಗೇ ಹೋಗುವುದಿಲ್ಲ. ಹೊಲದವರು ಬೈದೂ ಬೈಯದ ಹಾಗೆ ಓಡಿಸುತ್ತಾರೆ.

ಮೊನ್ನೆ ಹುಡುಗನ ವಿಡಿಯೊ ಕಾಲ್ ಬಂದಾಗ ಚಿಗವ್ವನ ಕೈಗೆ ಫೋನು ಕೊಟ್ಟೆ.

‘ಅಲ್ಲಿ ದೇವರ್ನ ಚಂದಗೆ ನೋಡಿದೇನೋ ತಮ್ಮಾ?’

‘ಇಲ್ಲ ಆಯಿ. ಅದನ್ನ ಯಾರಿಗೂ ತೋರಸಂಗಿಲ್ಲ. ಪೆಟ್ಟಿಗ್ಯಾಗ ಇಟ್ಟುಬಿಟ್ಟಾರ. ಆರು ವರ್ಷಕ್ಕೊಮ್ಮೆ ಅದರಂಥದ್ದೇ ಇನ್ನೊಂದು ಮೂರ್ತಿ ತೋರಸ್ತಾರ. ಅಸಲಿ ಮೂರ್ತಿ ಪೂಜಾರಿಗೋಳೂ ನೋಡಿಲ್ಲಂತ.’

‘ಮತ್ತ ಒಳಗ ಐತಿ ಅಂತ ಹೆಂಗ ಗೊತ್ತು?’

‘ಐತಿ ಅಂತಾರ, ಆಯಿ.’

ಚಿಗವ್ವ ಸ್ವಲ್ಪ ಯೋಚಿಸಿದಳು. ‘ಇರಲಿ ಬಿಡು. ನಿಮ್ಮ ಮುತ್ಯಾನೂ ಪಿಗ್ಮಿ ರೊಕ್ಕ ಐತಿ ಐತಿ ಅಂತಿದ್ದ. ನಾ ಏನು ನೋಡೇನಿ? ಗುಡಿ ಬಾಜೂಕ ಬಳಿ ಅಂಗಡಿ ಅದಾವೇನು?’

‘ಬಳಿ ಇಲ್ಲ. ಖಾರಪುಡಿ ಅಂಗಡಿ ಐತಿ. ಬಾಳ ಹಳೇದು, 1736ರಿಂದ ನಡಸ್ತಾರ. ಏಳು ಸಾಮಾನು ಕೂಡಿಸಿ ಪುಡಿ ಮಾಡ್ತಾರ.’

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಸವಾಲಿನ ಹಾಗೆ ಕೇಳಿಸಿತು. ಬರುವಾಗ ಒಂದು ಡಬ್ಬಿ ತಾ ಎಂದು ಅಪ್ಪಣೆಯಾಯಿತು. ಹುಡುಗ ದೀಪಾವಳಿಗೆ ಬಂದಾಗ ತಂದ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಬಣ್ಣದ ತಗಡಿನ ಡಬ್ಬಿ. ಚಿಗವ್ವ ರೊಟ್ಟಿಯ ಮೇಲೆ ಮೊಸರು ಹಾಕಿ, ಆ ಪುಡಿ ಉದುರಿಸಿ, ಕಣ್ಣು ಮುಚ್ಚಿ ಒಂದು ತುತ್ತು ತಿಂದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದೆವು.

‘ಎಳ್ಳು ಐತಿ. ಶುಂಠಿ ಐತಿ. ಕಿತ್ತಳಿ ಸಿಪ್ಪಿನೂ ಹಾಕ್ಯಾರ’ ಎಂದು ಒಂದೊಂದಾಗಿ ಹಿಡಿದಳು. ‘ಖಾರ ಒಂದು ಹಾಕಾಕ ಮರತಾರ ನೋಡು.’

ಪುಡಿಯನ್ನು ಮೊಮ್ಮಕ್ಕಳ ಚುರುಮುರಿಗೆ ಸುರಿದು ಖಾಲಿ ಮಾಡಿ, ಡಬ್ಬಿಯನ್ನು ತೊಳೆದು ಒಣಗಿಸಿ ಇಟ್ಟುಕೊಂಡಳು. ಈಗ ಅದರಲ್ಲಿ ಅವಳ ತಪಕೀರು ಇದೆ. ಮುಚ್ಚಳ ಬಿಗಿಯಾಗಿದೆ, ಗಾಳಿ ಹೋಗುವುದಿಲ್ಲ, ಜಪಾನಿನವರು ಅಡಿಗಿಗಿಂತ ಡಬ್ಬಿ ಚಲೋ ಮಾಡ್ತಾರ ಎಂದು ಬಂದವರಿಗೆಲ್ಲ ತೋರಿಸುತ್ತಾಳೆ.